ಫ್ಯಾನಿನ ಮೇಲಿನ ಚೋರೆ ಸಂಸಾರ

ಹೋಟೆಲಿನಲ್ಲಿ ವರ್ಷಗಟ್ಟಲೆ ತಟ್ಟೆ ಹಿಡಿದು ಓಡಾಡಿದವನಿಗೆ ನಗುವುದಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಐವತ್ತರ ದಶಕದ ಕೊನೆಗೆ ನಾನು ಮದ್ರಾಸಿನ ಕೀಲ್ಪಾಕಿನಲ್ಲಿ, ಕುಂದಾಪುರದ ಧಣಿಯೊಬ್ಬರ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಗಿರಾಕಿಗಳು ನಗಿಸಿದ್ದು ಬಹಳ. ಆದರೆ ಒಂದು ಬೇಸಗೆಯಲ್ಲಿ ಜೋಡಿ ಹಕ್ಕಿ ತಂದಿಟ್ಟ ಫಜೀತಿಯ ಮುಂದೆ ಅವರೆಲ್ಲ ಏನೂ ಅಲ್ಲ.

ಯಾವ ಊರಿನದು?

ಹಿತ್ತಲಲ್ಲಿ ಅಕ್ಕಿ ಕೇರುವಾಗ ಉದುರಿದ ಕಾಳು ಹೆಕ್ಕಲು ಎರಡು ಹಕ್ಕಿ ಬರತೊಡಗಿದವು. ಪಾರಿವಾಳಕ್ಕಿಂತ ಸಣ್ಣವು. ಎದೆ ನಸುಗೆಂಪು, ಕತ್ತಿನ ಹಿಂದೆ ಕಪ್ಪು ಬಟ್ಟೆಗೆ ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕಿ. ತಲೆ ಆಡಿಸಿಕೊಂಡು ನಡೆಯುವ ಠೀವಿ ನೋಡಿದರೆ ಹೋಟೆಲು ಅವುಗಳದೇ.

ಧಣಿಗೆ ಸಂತೋಷವೋ ಸಂತೋಷ. "ನಮ್ಮೂರಿನ ಚೋರೆ ಮಾರಾಯ. ಇಲ್ಲಿವರೆಗೆ ಬಂದಿದೆ."

ಕಾಫಿಗೆ ಬಂದಿದ್ದ ಧಾರವಾಡದ ರೈಲ್ವೆ ಗುಮಾಸ್ತರು ಬಿಡಲಿಲ್ಲ. "ಇದು ನಮ್ಮ ಕಡೀ ಬೆಳವ ಅಲ್ಲೇನ್ರೀ? ಹೊಲದಾಗ ಬೇಕಾದಷ್ಟು ಅದಾವ." ತರಕಾರಿ ತಂದ ತಮಿಳು ಹೆಂಗಸು ಇಬ್ಬರನ್ನೂ ನೋಡಿ ನಕ್ಕು, ಅದು ತಮ್ಮ ಚೆಂಗಲ್ಪಟ್ಟಿನ ಮಣಿಪ್ಪುರಾ ಎಂದಳು.

ಧಣಿ ಸೋಲುವವರಲ್ಲ. "ಎಲ್ಲ ಕಡೆ ಇರಲಿ. ನಮ್ಮ ಹೋಟೆಲಿನವರು ಎಲ್ಲ ಕಡೆ ಇಲ್ವಾ? ಹೊರಟದ್ದು ಎಲ್ಲಿಂದ ಅಂತ ಕೇಳಿ."

ನಾಲ್ಕು ಕಡ್ಡಿಯ ಮನೆ

ಹೆಂಗಸರು ಮಕ್ಕಳು ಕೂರುವ ಫ್ಯಾಮಿಲಿ ರೂಮಿನ ಫ್ಯಾನು ಚಳಿಗಾಲವಿಡೀ ನಿಂತೇ ಇತ್ತು. ಅದರ ಮೇಲೆ ಚೋರೆಗಳು ಗೂಡು ಕಟ್ಟಿದವು. ಕಟ್ಟಿದವು ಎನ್ನುವುದು ದೊಡ್ಡ ಮಾತಾಯಿತು. ನಮ್ಮದೇ ಪೊರಕೆಯ ನಾಲ್ಕು ಕಡ್ಡಿ ತಂದು ಎಸೆದು ಅದರ ಮೇಲೆ ಮೊಟ್ಟೆ ಇಟ್ಟವು. ಕೆಳಗೆ ನಿಂತರೆ ಸಂದಿಯಲ್ಲಿ ಮೊಟ್ಟೆ ಕಾಣುತ್ತಿತ್ತು.

ಅಡುಗೆ ಭಟ್ಟರಿಗೆ ಕರುಳು ಚುರುಕ್ ಎಂದಿತು. ಮೇಜು ಏರಿ ನಿಂತು ಗೂಡಿಗೆ ತೆಂಗಿನ ನಾರು ತುರುಕಿದರು. ಹಕ್ಕಿ ಅದನ್ನು ಎಳೆ ಎಳೆಯಾಗಿ ಕಿತ್ತು ಕೆಳಗಿದ್ದವರ ಸಾಂಬಾರಿಗೆ ಹಾಕಿತು.

ತಮ್ಮ ಸಾಂಬಾರಿನ ಬಗ್ಗೆ ಯಾರು ಏನು ಹೇಳಿದರೂ ಸಿಡಿಯುತ್ತಿದ್ದ ಭಟ್ಟರು ಅಂದು ತಾವೇ ಬೇರೆ ಸಾಂಬಾರು ತಂದಿಟ್ಟರು. "ನನ್ನ ಕೆಲಸಕ್ಕೆ ಬೇರೆಯವರು ಕೈ ಹಾಕಿದರೆ ನಾನೂ ಹಾಗೇ ಮಾಡ್ತಿದ್ದೆ."

ಪಾಳಿ

ಧಣಿಯ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮದ್ರಾಸಿನವರು ಕತ್ತಿರಿ ಎನ್ನುವ ಮೇ ತಿಂಗಳ ಉರಿಬಿಸಿಲು ಶುರುವಾದಾಗ ಅವರಿಗೆ ನಿದ್ದೆ ಹಾರಿತು. ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಇವರ ಮನೆಯೆಂದರೆ ಅಡುಗೆಮನೆಯ ಹಿಂದಿನ ಒಂದು ಕೋಣೆ. ಆದ್ದರಿಂದ ಕೂರಿಸಬೇಕಾದ್ದು ಫ್ಯಾಮಿಲಿ ರೂಮಿನಲ್ಲೇ.

"ಫ್ಯಾನ್ ಹಾಕದಿದ್ರೆ ಗಂಡಿನವರು ಎದ್ದು ಹೋಗ್ತಾರೆ," ಎಂದರು ಅಕ್ಕ.

"ಮರಿ ಆಗಿದೆ. ಬಾಣಂತಿಯನ್ನು ಹೊರಗೆ ಹಾಕುವುದುಂಟಾ?" ಎಂದು ಧಣಿ ಸ್ವಿಚ್ಚಿಗೆ ಬಾಳೆ ನಾರು ಸುತ್ತಿಬಿಟ್ಟರು.

ಎರಡೂ ಹಕ್ಕಿ ನೋಡಲು ಒಂದೇ. ಆದರೆ ಕತ್ತು ಉಬ್ಬಿಸಿ, ಬಗ್ಗಿ ಬಗ್ಗಿ ನಮಸ್ಕಾರ ಹಾಕಿ ಹೆಣ್ಣನ್ನು ಒಲಿಸಿದ ಗಂಡಿಗೆ ಬಾಲದ ಗರಿಯೊಂದು ಇರಲಿಲ್ಲ. ಮರಿಗಳ ಮೇಲೆ ಕೂರುವುದಕ್ಕೆ ಹಗಲು ಗಂಡಿನ ಪಾಳಿ, ಸಂಜೆಯಿಂದ ಹೆಣ್ಣಿನದು. ಬದಲಿಗೆ ಬರುವುದು ತಡವಾಗುತ್ತಿರಲಿಲ್ಲ. ನಮ್ಮನ್ನು ಬೈಯುವಾಗ ಧಣಿ ಈಗ ಮೇಲೆ ಬೆರಳು ತೋರಿಸತೊಡಗಿದರು.

ಹೆಣ್ಣು ನೋಡಲು ಬಂದದ್ದು

ಗಂಡಿನವರು ಮಟಮಟ ಮಧ್ಯಾಹ್ನವೇ ಬಂದರು. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಸಜ್ಜಿಗೆ, ಬಜ್ಜಿ ಬರುವ ಹೊತ್ತಿಗೆ ಅವನಪ್ಪನ ಜರಿ ಶಲ್ಯ ಬೆವರೊರೆಸುವ ಟವೆಲ್ಲಾಗಿತ್ತು.

"ಫ್ಯಾನ್ ಹಾಕಿ."

ಧಣಿ ಕೈ ಮುಗಿದರು. "ಮೇಲೆ ಮರಿ ಉಂಟು."

"ನಮಗಿಂತ ಹಕ್ಕಿ ಹೆಚ್ಚಾ?" ಎಂದು ಅವರು ಎದ್ದೇಬಿಟ್ಟರು. ಬಾಗಿಲ ಹಿಂದೆ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಹುಡುಗನ ತಾಯಿ ಮಾತ್ರ ಕತ್ತೆತ್ತಿ ನೋಡುತ್ತಿದ್ದರು. "ಮರಿಗಳ ಮೇಲೆ ಕೂತದ್ದು ತಾಯಿಯಾ?"

"ಅಲ್ಲ, ಅಪ್ಪ," ಎಂದರು ಧಣಿ. "ಹಗಲಿಡೀ ಅದೇ ಕೂರುವುದು."

ಆಕೆ ಗಂಡನ ಕಡೆ ತಿರುಗಿದರು. "ಕೇಳಿದಿರಾ? ನಮ್ಮ ಮನೆಯಲ್ಲಿ ಐದು ಮಕ್ಕಳಾದವು. ನೀವು ಒಂದು ದಿನ ತೊಟ್ಟಿಲು ತೂಗಿದ್ದುಂಟಾ? ಕೂತ್ಕೊಳ್ಳಿ."

ಅವರು ಕೂತರು. ತಟ್ಟೆ ಹಿಡಿದು ಬಂದ ಹುಡುಗಿ ಅದನ್ನು ಮೇಜಿನ ಮೇಲಿಟ್ಟು, ಗೂಡಿನತ್ತ ಕೈ ತೋರಿಸಿ ನೇರ ಹುಡುಗನನ್ನೇ ಕೇಳಿದಳು: "ನೀವು ಕೂರ್ತೀರಾ?"

ಹುಡುಗ ಅಪ್ಪನ ಮುಖ ನೋಡಿದ, ಅಮ್ಮನ ಮುಖ ನೋಡಿದ, ಕೊನೆಗೆ ಫ್ಯಾನ್ ನೋಡಿದ. "ಬ್ಯಾಂಕಿಗೆ ರಜೆ ಇದ್ದ ದಿನ ಕೂರ್ತೇನೆ."

ಸಂಬಂಧ ಅಲ್ಲೇ ಕುದುರಿತು. ಗಂಡಿನ ಅಪ್ಪ ಹಾಕಿದ ಷರತ್ತು ಒಂದೇ: ಮದುವೆಯ ಹಿಂದಿನ ದಿನ ಛತ್ರದ ಫ್ಯಾನುಗಳನ್ನೆಲ್ಲ ಧಣಿ ಸ್ವತಃ ಏಣಿ ಹತ್ತಿ ನೋಡಿಬರಬೇಕು.