ಶಾಂಟನ್ ಸಾಹೇಬರ ಶೆಗಡಿ

ನನ್ನ ನಾಲಿಗೆ ವಿಚಿತ್ರವಾದದ್ದು. ಊರ ಮಂದಿಯ ಹೆಸರನ್ನೆಲ್ಲ ಸಲೀಸಾಗಿ ಹೇಳುತ್ತದೆ. ಕಟ್ಟಿಕೊಂಡವಳ ಹೆಸರನ್ನು ನಾಲ್ಕು ಜನರೆದುರು ಹೇಳಬೇಕಾದಾಗ ಮಾತ್ರ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮದುವೆಯ ದಿನ ಹೆಂಗಸರು ಬಾಗಿಲು ಅಡ್ಡಗಟ್ಟಿದಾಗ ಒಡಪಿನ ಪದ್ಯದಲ್ಲಿ ಸೇರಿಸಿ ಒಮ್ಮೆ ಹೇಳಿದ್ದೆ. ಆಮೇಲೆ ‘ಇಕಾ’, ‘ಇಲ್ಲಿ ಕೇಳು’ ಎಂಬುದರಲ್ಲೇ ಸಂಸಾರ ಸಾಗಿದೆ. ನಮ್ಮ ಕಡೆಯ ಗಂಡಸರೆಲ್ಲ ಹೀಗೆಯೇ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದು ತಿಳಿದಿದ್ದೆ. ನಷ್ಟವಾಯಿತು, ಅದೂ ನನ್ನಿಂದಲೇ ಆಯಿತು.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ರಶಿಯಾದವರು ಉಪಗ್ರಹ ಹಾರಿಸಿದಂದಿನಿಂದ ನಮ್ಮಂಥವರಿಗೆ ಏಕಾಏಕಿ ಬೆಲೆ ಬಂದಿತ್ತು. ಆವರೆಗೆ ಬೀದಿಯ ಸತ್ಯನಾರಾಯಣ ಪೂಜೆಗೂ ನನ್ನನ್ನು ಮರೆಯುತ್ತಿದ್ದ ಜನ, ಈಗ ಹುಬ್ಬಳ್ಳಿಯಿಂದ ಮನೆಗೇ ಬಂದು, “ಬ್ಯಾರೆ ಗ್ರಹದಾಗ ಜೀವ ಐತೇನು ಅನ್ನೂದರ ಮ್ಯಾಲೆ ನಮ್ಮ ವ್ಯಾಖ್ಯಾನಮಾಲಿಯೊಳಗ ಒಂದು ತಾಸು ಮಾತಾಡ್ರಿ ಸರ” ಎಂದರು. ಉಬ್ಬಿಹೋದೆ. ಒಂದು ಚಳಿಯ ಬೆಳಿಗ್ಗೆ ಅಡುಗೆಮನೆಯಲ್ಲಿ ಶೆಗಡಿಯ ಕೆಂಡಕ್ಕೆ ಕೈ ಕಾಸುತ್ತ ನಮ್ಮಾಕೆಯ ಮುಂದೆ ತಾಲೀಮು ನಡೆಸಿದೆ. ಆಕೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮುಂದೆ ಓದುವ ಆಸೆ ಇನ್ನೂ ಹಸಿಯಾಗಿದ್ದಾಗಲೇ ನನ್ನ ಕೈ ಹಿಡಿದವಳು. “ಜೀವ ಬೇಕಂದ್ರ ನೀರು ನೀರಾಗೇ ಇರಬೇಕು. ಗಡ್ಡಿ ಕಟ್ಟಬಾರದು, ಉಗಿ ಆಗಬಾರದು. ನಮ್ಮ ಸೂರ್ಯನಕಿಂತ ಸಣ್ಣ ಚಿಕ್ಕಿಗೆ ಅಷ್ಟು ಕಾವಿಲ್ಲ. ಅದರ ಗ್ರಹಗಳ ಆಸೆ ಬಿಡೂದ ಛಲೋ” ಎಂದೆ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಯಾಕ್ರಿ? ಶೆಗಡಿ ಸಣ್ಣದಿದ್ರ ನಾವು ಸನೇಕ ಸರದು ಕುಂದರಂಗಿಲ್ಲೇನು? ಆ ಗ್ರಹಾನೂ ಸನೇಕ ಇದ್ರ ಆತಲ್ಲ! ಮತ್ತ ಸಣ್ಣ ಉರಿ ಲಗೂ ಆರಂಗಿಲ್ಲ. ಜೀವಕ್ಕ ಹುಟ್ಟಾಕ ಪುರುಸೊತ್ತು ಸಿಗತೈತಿ.”

“ನಿನಗ ತಿಳಿಯಂಗಿಲ್ಲ. ರೊಟ್ಟಿ ಸೀದೀತು ನೋಡು” ಎಂದೆ. ರೊಟ್ಟಿ ಸೀದಿರಲಿಲ್ಲ. ಕಾಲೇಜಿಗೆ ಹೋಗಿ ಪೆನ್ಸಿಲು ಹಿಡಿದು ಕೂತೆ. ಆಕೆಯ ಮಾತು ಸರಿಯಿತ್ತು: ಬಲು ಹತ್ತಿರದ ಒಂದು ಕಿರಿದಾದ ಪಟ್ಟಿಯಲ್ಲಿ ಸುತ್ತುವ ಗ್ರಹವಾದರೆ ಅಲ್ಲಿ ನೀರು ನೀರಾಗಿಯೇ ಇರಬಹುದು. ಇದನ್ನು ಮನೆಗೆ ಬಂದು ಆಕೆಗೆ ಹೇಳಬಹುದಿತ್ತು. ಹೇಳಲಿಲ್ಲ.

ಸಭೆಯಲ್ಲಿ ಮಾತ್ರ ಹೇಳಿದೆ, ಶೆಗಡಿಯ ಹೋಲಿಕೆಯ ಸಮೇತ. “ಒಬ್ಬ ವಿದ್ವಾಂಸರು ಹೇಳಿದಂತೆ” ಎಂದು ಶುರು ಮಾಡಿದ್ದೆ, ಚಪ್ಪಾಳೆ ಬಿತ್ತು. ಅಧ್ಯಕ್ಷರು ಅರಳೆ ವ್ಯಾಪಾರಿಗಳು, ಖರೇ ಕುತೂಹಲದ ಮನುಷ್ಯ. “ಅವರ ಹೆಸರೇನ್ರಿ ಸರ?” ಎಂದು ಕೇಳಿಯೇಬಿಟ್ಟರು. ಹೆಂಗಸರ ಸಾಲಿನಲ್ಲಿ ನಮ್ಮಾಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಆಕೆಯ ಹೆಸರು ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. “ಶಾಂ” ಎಂಬಷ್ಟು ಹೊರಬಂತು. ಅಷ್ಟರಲ್ಲಿ ಸಭೆ ತುಂಬ ಕೂತ ಗಂಡಸರ ಟೋಪಿ, ರುಮಾಲುಗಳು ಕಣ್ಣಿಗೆ ಬಿದ್ದವು. “...ಟನ್” ಎಂದು ಮುಗಿಸಿದೆ. “ಡಾಕ್ಟರ್ ಶಾಂಟನ್.”

“ಸಾಹೇಬ್ರ ತಲಿ ಅಂದ್ರ ಕೇಳಬೇಕೇನ್ರಿ!” ಎಂದು ಅಧ್ಯಕ್ಷರು ಇನ್ನೊಮ್ಮೆ ಚಪ್ಪಾಳೆ ಹೊಡೆಸಿದರು.

ತಿರುಗಿ ಬರುವಾಗ ಬಸ್ಸು ಉಣಕಲ್ ಕೆರೆ ದಾಟಿತು. ಆಮೇಲೆ ಆಕೆ ಮೆಲ್ಲಗೆ ಕೇಳಿದಳು: “ಶಾಂಟನ್ ಸಾಹೇಬ್ರ ಮನ್ಯಾಗೂ ಶೆಗಡಿ ಐತೇನ್ರಿ?” ನಾನು ಕಿಟಕಿಯ ಹೊರಗೆ ಮುಖ ಹಾಕಿದೆ.

ಶಾಂಟನ್ ಸಾಹೇಬರು ಮಾತ್ರ ಏಳಿಗೆಗೆ ಬಂದರು. ಆ ಭಾಷಣ ಕೇಳಿದ್ದ ಒಬ್ಬ ವಿದ್ಯಾರ್ಥಿ ಆ ವರ್ಷದ ಪರೀಕ್ಷೆಯ ಉತ್ತರದಲ್ಲಿ ಅವರನ್ನು ಲಂಡನ್ನಿನವರನ್ನಾಗಿಯೂ ಮಾಡಿದ್ದ. ಪೂರ್ತಿ ಅಂಕ ಕೊಟ್ಟೆ, ಬೇರೆ ದಾರಿಯೇನಿತ್ತು? ಮನೆಯಲ್ಲಿ ಅದಾದ ಮೇಲೆ ಮೂರು ಭಾಷಣಗಳ ತಾಲೀಮು ನಡೆಸಿದ್ದೇನೆ. ಆಕೆ ರೊಟ್ಟಿ ಬಡಿಯುತ್ತಲೇ “ಛಲೋ ಐತ್ರಿ” ಎನ್ನುತ್ತಾಳೆ. ‘ಯಾಕ್ರಿ’ ಎಂದು ಮಾತ್ರ ಕೇಳುವುದಿಲ್ಲ. ಆ ಒಂದು ‘ಯಾಕ್ರಿ’ಯನ್ನು ಕಳೆದುಕೊಂಡದ್ದಕ್ಕೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಅದಕ್ಕೇ ಈ ತಪ್ಪೊಪ್ಪಿಗೆ ಬರೆದು, ಅಚ್ಚಿಗೆ ಕಳಿಸುವ ಮುನ್ನ ಆಕೆಯ ಕೈಗೆ ಕೊಟ್ಟೆ. ಓದಿ ಮುಗಿಸಿ ಕೇಳಿದಳು: “ಎಲ್ಲಾ ಬರದೀರಿ. ನನ್ನ ಹೆಸರೆಲ್ಲೈತಿ?”

ಹಾಳೆಗಳನ್ನು ತಿರುವಿ ನೋಡಿದೆ. ಸಾಹೇಬರ ಹೆಸರು ಇತ್ತು, ಆಕೆಯದು ಎಲ್ಲೂ ಇರಲಿಲ್ಲ. ಪೆನ್ನು ಎತ್ತಿಕೊಂಡೆ. “ಇರ್ಲಿ ಬಿಡ್ರಿ, ಓದಿದ ಮಂದಿ ಏನಂದಾರು” ಎಂದಳು. ಆಕೆ ಹಾಗೆ ಅಂದದ್ದೇ ತಡ, ನಾನು ಎಷ್ಟು ಲಗುಬಗೆಯಿಂದ ಪೆನ್ನಿನ ಟೊಪ್ಪಿಗೆ ಮುಚ್ಚಿದೆನೆಂಬುದನ್ನು ಆಕೆ ನೋಡುತ್ತಿದ್ದಳು.