ಗುಂಡಿ, ಮೇಕೆ ಮತ್ತು ಘನ ಸರ್ಕಾರ

ಅಪರಿಚಿತರ ಜೊತೆ ಮಾತನಾಡುವುದೆಂದರೆ ನನಗೆ ಮೊದಲಿನಿಂದಲೂ ಅಳುಕು. ಹಾಗೆಂದು ಜಗತ್ತಿನ ಮೇಲೆ ಮುನಿಸೇನೂ ಇಲ್ಲ. ಸ್ವಲ್ಪ ದೂರದಿಂದ ನೋಡಿದರೆ ಎಲ್ಲರೂ ಒಳ್ಳೆಯವರಾಗಿಯೇ ಕಾಣುತ್ತಾರೆ. ತುಮಕೂರಿನಿಂದ ಗುಬ್ಬಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆ ದೂರ ಸಿಗುವುದಿಲ್ಲ, ಅಷ್ಟೇ. ಪಕ್ಕದಲ್ಲಿ ಕುಳಿತವರು ಅರ್ಧ ದಾರಿಯೊಳಗೆ ನನ್ನ ಊರು, ಜಾತಿ, ಸಂಬಳ ಎಲ್ಲ ಕೇಳಿ ಮುಗಿಸಿ, ಗುಬ್ಬಿ ಬರುವಷ್ಟರಲ್ಲಿ ನಿಟ್ಟೂರಿನಲ್ಲಿರುವ ತಂಗಿಯ ಮೈದುನನ ಫೋಟೋ ಕಳಿಸಲೇ ಎನ್ನುವ ಹಂತಕ್ಕೆ ಬಂದಿರುತ್ತಾರೆ. ಎಂ.ಎಸ್ಸಿ. ಮುಗಿಸಿ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಈ ಸಮಸ್ಯೆಗೆ ಕಂಡುಕೊಂಡ ಉತ್ತರವೇ ಮೊಪೆಡ್. ಅದರ ಮೇಲೆ ಒಬ್ಬರಿಗೆ ಮಾತ್ರ ಜಾಗ. ಅದು ಮಾಡುವ ಸದ್ದಿನಲ್ಲಿ ಯಾರ ಪ್ರಶ್ನೆಯೂ ಕೇಳಿಸುವುದಿಲ್ಲ.

ಆ ಮೊಪೆಡ್ ಒಂದು ಬೆಳಿಗ್ಗೆ, ಗುಬ್ಬಿ ಇನ್ನೇನು ಬಂತು ಎನ್ನುವಾಗ, ಪುಟ್ಟಮ್ಮ ಎಂಬಾಕೆಯ ಟೀ ಅಂಗಡಿಯ ಎದುರಿನ ಗುಂಡಿಗೆ ಇಳಿಯಿತು. ನಾನು ಇಳಿಯಲಿಲ್ಲ, ಹಾರಿದೆ. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಗಾಡಿಯ ಮುಂದಿನ ಚಕ್ರ ಮಾತ್ರ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಪುಟ್ಟಮ್ಮ ಓಡಿ ಬಂದು ಎಬ್ಬಿಸಿ, ತನ್ನ ಸೆರಗಿನಿಂದಲೇ ಮಣ್ಣು ಒರೆಸಿ, ಟೀ ಕುಡಿಸಿ, "ಮದ್ವೆ ಆಗೈತಾ ಟೀಚರಮ್ಮ?" ಎಂದು ಕೇಳಿದಳು.

ಕುಣಿಗಲ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನನ್ನ ತಂದೆ ಚಕ್ರವನ್ನು ನೋಡಿ ಬೈಯಲಿಲ್ಲ. ಅವರ ಮುಖ ಅರಳಿತು. ಜೀವಮಾನವಿಡೀ ಬೇರೆಯವರ ದಾವೆಗಳ ಕಟ್ಟು ಕಟ್ಟಿದವರಿಗೆ ಕೊನೆಗೂ ಮನೆಯದೇ ಒಂದು ದಾವೆ ಸಿಕ್ಕಿತ್ತು.

"ರಸ್ತೆ ಯಾರ್ದು? ಸರ್ಕಾರದ್ದು. ಗುಂಡಿ ಯಾರ್ದು? ಅದೂ ಸರ್ಕಾರದ್ದೇ. ನಷ್ಟ ತುಂಬಿಕೊಡ್ಲಿ."

"ಪೇಟೇಲಿ ಕೊಟ್ರೆ ನಾಳೇನೇ ರಿಪೇರಿ ಆಗುತ್ತಪ್ಪ," ಎಂದೆ.

"ರಿಪೇರಿನಾ? ಅದೀಗ ಗಾಡಿಯಲ್ಲ ಕಣಮ್ಮ, ಸಾಕ್ಷಿ. ಮುಟ್ಟಬೇಡ."

ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕಂತೆ. ಅಪ್ಪ ನೋಟಿಸು ಕೊಟ್ಟರು. ನನ್ನ ಸ್ವಾತಂತ್ರ್ಯ ಹಳೆಯ ಬೆಡ್‌ಶೀಟು ಹೊದ್ದುಕೊಂಡು ಜಗಲಿಯ ಮೂಲೆಯಲ್ಲಿ ನಿಂತಿತು. ಅಪ್ಪ ದಿನಾ ಬೆಳಿಗ್ಗೆ ಬೆಡ್‌ಶೀಟು ಎತ್ತಿ, ಚಕ್ರ ಇನ್ನೂ ಸೊಟ್ಟಗೇ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಾನು ಬಸ್ಸಿಗೆ ಮರಳಿದೆ. ನಿಟ್ಟೂರಿನ ಮೈದುನನ ಫೋಟೋ ನಿಜಕ್ಕೂ ಮನೆಗೆ ಬಂತು. ದಾವೆ ವರ್ಷಗಟ್ಟಲೆ ನಡೆದರೆ ಅಷ್ಟರಲ್ಲಿ ನನಗೆ ಮದುವೆಯೇ ಆಗಿಬಿಡಬಹುದೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಕೊನೆಗೊಂದು ದಿನ ಸ್ಥಳ ನೋಡಲು ರಸ್ತೆ ಇಲಾಖೆಯ ಓವರ್ಸಿಯರ್ ಬಂದರು. ಅಪ್ಪನೂ ನಾನೂ ಮೊದಲೇ ಹೋಗಿ ಪುಟ್ಟಮ್ಮನ ಬೆಂಚಿನ ಮೇಲೆ ಕುಳಿತಿದ್ದೆವು. ಆಕೆ ಕಾಸು ಬೇಡವೆಂದು ಹಟ ಮಾಡಿ ಅಪ್ಪನಿಗೆ ಸ್ಪೆಷಲ್ ಟೀ ಕೊಟ್ಟಿದ್ದಳು. ಗುಂಡಿ ಇದ್ದಲ್ಲೇ ಇತ್ತು. ಅದರ ನಡುವೆ, ಬರುವವರಿಗೆ ದೂರದಿಂದಲೇ ಕಾಣುವಂತೆ, ಎಲೆ ತುಂಬಿದ ಎಕ್ಕದ ಕೊಂಬೆಯೊಂದು ನಿಂತಿತ್ತು.

"ಇದನ್ನ ನೆಟ್ಟೋರು ಯಾರು?" ಎಂದರು ಓವರ್ಸಿಯರ್.

ಪುಟ್ಟಮ್ಮನಿಗೆ ಹೆಮ್ಮೆ. "ನಾನೇ ಸ್ವಾಮಿ! ಗುಂಡಿ ಬಿದ್ದಾಗಿಂದ ನೆಡ್ತಾನೇ ಇವ್ನಿ. ಒಣಗಿದ್ರೆ ಬೇರೆ ತಂದು ನೆಡ್ತೀನಿ."

"ಹಂಗಾದ್ರೆ ಈಯಮ್ಮ ಬಿದ್ದ ದಿನಾನೂ ಇತ್ತಾ?"

"ಇತ್ತು ಸ್ವಾಮಿ. ಆವತ್ತು ಎಕ್ಕ ಸಿಗ್ನಿಲ್ಲ ಅಂತ ಆಲದ ಕೊಂಬೆ ನೆಟ್ಟಿದ್ದೆ. ಎಕ್ಕ ಆದ್ರೆ ಮೇಕೆ ಮೂಸಾಕಿಲ್ಲ. ಆಲ ಅಂದ್ರೆ ಬುಡ್ತದಾ? ನಾನು ಒಲೆ ಹಚ್ಚೋದ್ರೊಳಗೆ ತಿಂದಾಕ್ತು."

ಓವರ್ಸಿಯರ್ ಮುಖದಲ್ಲಿ ಮಳೆ ನಿಂತ ಕಳೆ ಬಂತು. "ನೋಡಿ ಸಾರ್, ಎಚ್ಚರಿಕೆ ಇತ್ತು. ಮೇಕೆ ತಿಂದ್ರೆ ಇಲಾಖೆ ಏನ್ ಮಾಡುತ್ತೆ? ನೀವು ಕೇಳ್ಬೇಕಾಗಿರೋದು ಮೇಕೆ ಮಾಲೀಕರನ್ನ."

ಕೊಂಬೆ ಇಲಾಖೆಯದಲ್ಲ ಎಂದು ಅಪ್ಪ ವಾದಿಸಬಹುದಿತ್ತು. ಆದರೆ ಕಾನೂನಿನ ವಾಸನೆ ಸಿಕ್ಕಿದ ಕೂಡಲೇ ಅವರ ಬಾಯಿಂದ ತಾನಾಗಿ ಹೊರಟಿತು: "ಮೇಕೆ ಯಾರ್ದು?"

"ನಮ್ದೇಯ ಸ್ವಾಮಿ," ಎಂದು ನಕ್ಕಳು ಪುಟ್ಟಮ್ಮ. ಹಿಂದೆ ಗೂಟಕ್ಕೆ ಕಟ್ಟಿದ್ದ ಮೇಕೆ, ತನ್ನ ಹೆಸರು ಬಂತೆಂಬಂತೆ ತಲೆಯೆತ್ತಿ ನೋಡಿತು.

ಅಪ್ಪ ಪುಟ್ಟಮ್ಮನನ್ನು ನೋಡಿದರು, ಮೇಕೆಯನ್ನು ನೋಡಿದರು, ಆಮೇಲೆ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದರು. ವಾಪಸು ಬರುವ ಬಸ್ಸಿನಲ್ಲಿ, "ದಾವೆ ಗಟ್ಟಿಯಾಗೇ ಇತ್ತು. ಅವಳನ್ನ ಕೋರ್ಟಿಗೆ ಎಳೀಬೇಕಾಗುತ್ತಲ್ಲ... ಟೀ ಬೇರೆ ಕುಡಿದುಬಿಟ್ಟೆ," ಎಂದರು. ಮರುದಿನ ಸಾಕ್ಷಿಯ ಬೆಡ್‌ಶೀಟು ತೆಗೆದು, ತಾವೇ ತಳ್ಳಿಕೊಂಡು ರಿಪೇರಿಗೆ ಹೋದರು. ಸರ್ಕಾರದ ಎದುರು ಸೋತು ಇಷ್ಟು ಸಂತೋಷಪಟ್ಟವರು ನನ್ನ ಹಾಗೆ ಇನ್ನೊಬ್ಬರಿರಲಾರರು.

ಈಗ ಆ ಗುಂಡಿಯ ಉಸ್ತುವಾರಿಯಲ್ಲಿ ನನಗೂ ಪಾಲಿದೆ. ಕೊಂಬೆ ಬಾಡಿದ್ದು ಕಂಡರೆ ಗಾಡಿ ನಿಲ್ಲಿಸಿ, ಬೇಲಿಯಿಂದ ಎಕ್ಕ ಮುರಿದು ನೆಟ್ಟು ಹೋಗುತ್ತೇನೆ. ಮೊನ್ನೆ ಹಾಗೆ ರಸ್ತೆಯ ನಡುವೆ ಬಗ್ಗಿ ನಿಂತಿದ್ದಾಗ ಸ್ಕೂಟರಿನವರೊಬ್ಬರು ಬಂದು ನಿಲ್ಲಿಸಿ, "ಏನ್ ಮೇಡಂ, ತಾವು ಇಲಾಖೆಯೋರಾ?" ಎಂದರು. ಅಲ್ಲವೆಂದರೆ ಮತ್ಯಾರು, ಯಾವೂರು, ಯಾರ ಮಗಳು ಎಂದು ಮಾತು ಬೆಳೆಯುತ್ತದೆ. ಹೌದೆಂದುಬಿಟ್ಟೆ.

"ಹಂಗಾದ್ರೆ ಹೋದ್ವಾರ ಇಲ್ಲೇ ನನ್ ಸ್ಕೂಟರ್ ರಿಮ್ ಬೆಂಡಾಯ್ತಲ್ಲ, ಅದಕ್ಕೆ ಯಾರನ್ನ ಕೇಳ್ಬೇಕು?"

ಘನ ಸರ್ಕಾರದ ಪರವಾಗಿ ನಾನು ಮೇಕೆಯ ಕಡೆ ಕೈ ತೋರಿಸಿದೆ.