ಬಚ್ಚಲಿನ ಸ್ಟಾಪು

ಸೀಟಿ ಕಾಣೆಯಾಗಿತ್ತು. ಬೇರೆ ಮನೆಯಲ್ಲಾದರೆ ಅದೊಂದು ಸುದ್ದಿಯೇ ಅಲ್ಲ. ಆದರೆ ಈ ಮನೆಯ ಅಜ್ಜ ಮೂವತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನೆನಪು ಮಸುಕಾದ ಮೇಲೂ ಎರಡು ಸೀಟಿ ಕೇಳದೆ ಮಂಚದಿಂದ ಕದಲುತ್ತಿರಲಿಲ್ಲ. ಅವರ ಪಾಲಿಗೆ ಮಂಚ ಒಂದು ಸ್ಟಾಪು, ಊಟದ ಮೇಜು ಇನ್ನೊಂದು, ಬಚ್ಚಲು ಕೊನೆಯದು. ಈ ಗುಟ್ಟು ಕಂಡುಹಿಡಿದವಳು ಅವರ ಆರೈಕೆಗೆ ಬರುವ ಹುಡುಗಿ. ಅವಳಿಗಿಂತ ಮೊದಲು ಬಂದ ನಾಲ್ವರು ಅಜ್ಜನ ತೋಳು ಹಿಡಿದೆಳೆದು, ಬೈಸಿಕೊಂಡು ಹೋಗಿದ್ದರು.

ಮಾತು ಕಮ್ಮಿಯ ಆ ಹುಡುಗಿಗೆ ಈ ಮನೆಯೆಂದರೆ ಜೀವ. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು, ಕಿಟಕಿಗೆ ಮೂಗೊತ್ತಿಕೊಂಡು ಹೋದ ಬಸ್ಸುಗಳೆಲ್ಲ ಅಜ್ಜನ ಮಾತಿನಲ್ಲಿ ಮತ್ತೆ ಓಡುತ್ತಿದ್ದವು.

ಇವತ್ತು ಹನ್ನೊಂದಕ್ಕೆ, ಅವಳನ್ನು ಕೆಲಸಕ್ಕೆ ಕಳಿಸಿದ ಸಂಸ್ಥೆಯ ಮೇಲ್ವಿಚಾರಕಿ ಬರುವವರಿದ್ದರು. “ಕೆಲಸ ಸರಿಯಿಲ್ಲದಿದ್ರೆ ನಿನ್ನ ಬೇರೆ ಮನೆಗೆ ಕಳಿಸ್ತೀನಿ,” ಎಂದು ನಿನ್ನೆಯೇ ಫೋನಿನಲ್ಲಿ, ಇಡೀ ಕೋಣೆಗೆ ಕೇಳುವಂತೆ ಗದರಿದ್ದರು.

ಬಿಸಿನೀರು ಆರುತ್ತಿತ್ತು. ಅಜ್ಜ ಹೆಗಲಿಗೆ ಟವೆಲ್ಲು ಹಾಕಿ, ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಹಾಗೆ ಕೂತಿದ್ದರು.

“ಅಜ್ಜಾ, ಸೀಟಿ ನೋಡಿದ್ರಾ?”

“ಡಿಪೋದಲ್ಲಿ ಕೇಳು.”

“ಅಷ್ಟಕ್ಕೆ ಯಾಕೆ ಬೆವರ್ತೀಯೆ, ತಾಳು,” ಎಂದು ಹುಡುಕಾಟ ಕಂಡು ಬಂದ ಎದುರುಮನೆಯಾಕೆ ತಮ್ಮ ಕುಕ್ಕರನ್ನೇ ತಂದು ಒಲೆಗೇರಿಸಿದರು. ಅದು ಮೂರು ಸಲ ಕೂಗಿತು. “ಮೂರು ಅಂದ್ರೆ ರಿವರ್ಸು,” ಎಂದ ಅಜ್ಜ ಮಂಚದ ಮೇಲೇ ಗೋಡೆಗೆ ತಾಗುವವರೆಗೂ ಹಿಂದೆ ಸರಿದರು.

ಗಲಾಟೆ ಕೇಳಿ ಮಹಡಿಯ ಡ್ರಿಲ್ ಮೇಷ್ಟ್ರು ತಮ್ಮ ಸೀಟಿಯ ಸಮೇತ ಇಳಿದು ಬಂದು, ಎದೆಯುಬ್ಬಿಸಿ ಉದ್ದಕ್ಕೆ ಒಂದೇ ಸಲ ಊದಿದರು.

“ಒಂದು ಅಂದ್ರೆ ಹೋಲ್ಡಾನ್ ಕಣಯ್ಯಾ.” ಅಜ್ಜ ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು.

ಹುಡುಗಿ ಆ ಸೀಟಿ ಕಸಿದುಕೊಂಡು ಎರಡು ಸಲ ಊದಿದಳು. ಅಜ್ಜ ತಲೆಯಾಡಿಸಿದರು. “ಅದು ಬೇರೆ ಗಾಡಿದು. ನಮ್ದಲ್ಲ.”

ಅಷ್ಟರಲ್ಲಿ ಎದೆಗೆ ಫೈಲು ಅವಚಿಕೊಂಡ ಮೇಲ್ವಿಚಾರಕಿ ಬಾಗಿಲಲ್ಲಿ ಪ್ರತ್ಯಕ್ಷರಾದರು.

ಹುಡುಗಿಗೆ ಅದೆಲ್ಲಿಂದಲೋ ಚಿಕ್ಕಂದಿನ ಬಸ್ಸುಗಳಲ್ಲೊಂದು ನೆನಪಾಯಿತು. ಅಪ್ಪ ಅವಳನ್ನು ಹೊತ್ತು ಓಡಿ ಬರುವವರೆಗೂ ಅದರ ಕಂಡಕ್ಟರು ಕಾದಿದ್ದ. ಅವಳು ಸದ್ದಿಲ್ಲದೆ ತನ್ನ ಚೀಲ ಹೆಗಲಿಗೇರಿಸಿ, ಬಚ್ಚಲಿನ ಬಾಗಿಲಲ್ಲಿ ನಿಂತು ಕೈ ಅಡ್ಡ ಚಾಚಿದಳು.

“ಕಂಡಕ್ಟ್ರೇ, ಎಷ್ಟ್ ಹೊತ್ತಿಂದ ಕಾಯ್ತಿದೀನಿ. ಈ ಕಡೆ ಬರಲ್ವಾ?”

ಅಜ್ಜನ ಬೆನ್ನು ನೆಟ್ಟಗಾಯಿತು. “ಬಂದೆ ತಾಯಿ. ಹೆಣ್ಮಗಳನ್ನ ದಾರೀಲಿ ಬಿಟ್ಟು ಹೋಗ್ತೀವಾ?” ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಮೇಲ್ವಿಚಾರಕಿಯ ಹತ್ತಿರ ಬಂದಾಗ, “ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ,” ಎಂದು ಗದರಿದರು.

ಸ್ನಾನವಾಯಿತು. ಎದುರುಮನೆಯಾಕೆಯಿಂದ ಸೀಟಿಯ ಕತೆ ಕೇಳಿದ ಮೇಲ್ವಿಚಾರಕಿ ಕಣ್ಣೊರೆಸಿಕೊಂಡರು. “ಸೀಟಿಯಾದ್ರೆ ಯಾರು ಬೇಕಾದ್ರೂ ಊದ್ತಾರೆ. ಸೀಟಿ ಇಲ್ದೆ ಎಬ್ಬಿಸಿದೆಯಲ್ಲ, ಅದು ಕಸುಬು. ಯಾರಿಗೂ ಬಗ್ಗದ ಮುದುಕಿಯೊಬ್ಬರಿದ್ದಾರೆ. ನಾಳೆಯಿಂದ ನೀನು ಅಲ್ಲಿಗೆ. ಇಲ್ಲಿಗೆ ಬೇರೆಯವಳು ಸಾಕು.”

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು.

ಅಜ್ಜ ದಿಂಬಿನ ಚೀಲದೊಳಗೆ ಕೈ ತೂರಿಸಿ ಸೀಟಿ ತೆಗೆದರು. “ನಿನ್ನ ಕಳಿಸ್ತೀನಿ ಅಂದ್ರಲ್ಲ ಫೋನಲ್ಲಿ. ಸೀಟಿ ಇಲ್ದೆ ಗಾಡಿ ಹೊರಡಲ್ಲ ಅಂತ ಬಚ್ಚಿಟ್ಟಿದ್ದೆ.”

ಹುಡುಗಿ ಅದನ್ನು ತೆಗೆದುಕೊಂಡು ಕಿಟಕಿಗೆ ಓಡಿದಳು. ಬೀದಿಯ ತಿರುವು ದಾಟುತ್ತಿದ್ದ ಮೇಲ್ವಿಚಾರಕಿಯತ್ತ ನೋಡುತ್ತ ಉದ್ದಕ್ಕೆ, ಒಂದೇ ಸಲ ಊದಿದಳು.

ಸೀಟಿ ಕೇಳಿ ನಿಂತವರು, ತಲೆ ಒರೆಸಿಕೊಳ್ಳುತ್ತಿದ್ದ ಅಜ್ಜ ಒಬ್ಬರೇ.